ಕಣ್ಣು ಮುಚ್ಚಿದ ಕಾರು: ಕಾರ್ಡ್ 810 ಯಾಕೆ ಸೋತಿತು, ಜನ ಯಾಕೆ ಇನ್ನೂ ಬಿಟ್ಟಿಲ್ಲ?

ಪ್ರಶ್ನೆ: ನಮ್ಮೂರು ಹಾಸನದ ಕಡೆ. ಈಗ ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿದ್ದೇವೆ. ಹೋದ ತಿಂಗಳು ಹನ್ನೊಂದು ವರ್ಷದ ಮಗನನ್ನು ಕರೆದುಕೊಂಡು ಹತ್ತಿರದ ಆಬರ್ನ್ ಊರಿನ ಕಾರ್ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ 1936ರ ಕಾರ್ಡ್ 810 ಅನ್ನೋ ಕಾರಿನ ಮುಂದೆ ಅವನು ಅರ್ಧ ಗಂಟೆ ನಿಂತ. ನೋಡಿದರೆ ಹೆಡ್‌ಲೈಟೇ ಇಲ್ಲ, ಮುಂದೆ ಜಾಲರಿ ಇಲ್ಲ, ಹತ್ತೋಕೆ ಫುಟ್‌ಬೋರ್ಡೂ ಇಲ್ಲ. ಎರಡೇ ವರ್ಷ ತಯಾರಾಗಿ ನಿಂತುಹೋಯಿತಂತೆ. ಇಷ್ಟು ಒಳ್ಳೆ ಕಾರು ಯಾಕೆ ಸೋತಿತು? ಸೋತ ಕಾರಿನ ಹುಚ್ಚು ಜನಕ್ಕೆ ಇನ್ನೂ ಯಾಕೆ ಬಿಟ್ಟಿಲ್ಲ? ಕೊನೆಯದು, ನಗಬೇಡಿ: ನನ್ನಂಥವನು ಒಂದು ಕೊಂಡರೆ ನಿಭಾಯಿಸೋಕೆ ಆಗುತ್ತಾ?

ಉತ್ತರ: ನಗಲಿಲ್ಲ. ಇಪ್ಪತ್ತು ವರ್ಷದ ಹಿಂದೆ ನಾನೂ ಆ ಕಾರಿನ ಮುಂದೆ ಹಾಗೇ ನಿಂತಿದ್ದೆ. ನಿಮ್ಮ ಮಗ ಅರ್ಧ ಗಂಟೆಗೆ ಬಿಟ್ಟ. ನನಗೆ ಅವತ್ತು ಮಧ್ಯಾಹ್ನದ ಊಟ ತಪ್ಪಿತು.

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ಇದು ರೇಷನ್ ಕಾರ್ಡಿನ ಕಾರ್ಡ್ ಅಲ್ಲ. ಎರೆಟ್ ಲೋಬನ್ ಕಾರ್ಡ್ ಅನ್ನುವವನ ಮನೆತನದ ಹೆಸರು. ಷಿಕಾಗೋದಲ್ಲಿ ಕಾರು ಮಾರುತ್ತಿದ್ದ ಚುರುಕು ಆಸಾಮಿ. 1924ರಲ್ಲಿ ಆಬರ್ನ್ ಕಂಪನಿ ಮುಳುಗುತ್ತಿತ್ತು. ಮಾರಾಟವಾಗದ ನೂರಾರು ಕಾರುಗಳು ಅಂಗಳದಲ್ಲಿ ನಿಂತಿದ್ದವು. ಈತ ಬಂದು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಅವುಗಳಿಗೆ ಕಣ್ಣು ಕುಕ್ಕುವ ಬಣ್ಣ ಹೊಡೆಸಿದ್ದು. ಕಾರು ಅದೇ, ಬಣ್ಣ ಬೇರೆ. ಮಾರಾಟವಾದವು. ಕಂಪನಿ ಉಳಿಯಿತು, ಕೊನೆಗೆ ಅವನದೇ ಆಯಿತು. ಆಮೇಲೆ ದುಬಾರಿ ಕಾರು ಮಾಡುವ ಡ್ಯೂಸನ್‌ಬರ್ಗ್ ಕಂಪನಿ ಕೊಂಡ, ಲೈಕಮಿಂಗ್ ಎಂಜಿನ್ ಕಾರ್ಖಾನೆ ಕೊಂಡ, ಸ್ಟಿನ್ಸನ್ ವಿಮಾನ ಕಂಪನಿಯನ್ನೂ ಕೊಂಡ. ಸ್ಟಿನ್ಸನ್ ಹೆಸರು ನೆನಪಿಟ್ಟುಕೊಳ್ಳಿ, ಹೆಡ್‌ಲೈಟಿನ ಕಥೆಯಲ್ಲಿ ಬೇಕಾಗುತ್ತದೆ. ಇಂದೋರಿನ ಹೋಳ್ಕರ್ ಮಹಾರಾಜರು ಕೊಂಡ ಉದ್ದನೆಯ ಡ್ಯೂಸನ್‌ಬರ್ಗ್ ಇದೇ ಬಳಗದ್ದು. ಲೈಕಮಿಂಗ್ ಹೆಸರಂತೂ ನಮ್ಮ ಬೆಂಗಳೂರಿಗೂ ಹೊಸದಲ್ಲ. ಎಚ್‌ಎಎಲ್ ವಿನ್ಯಾಸ ಮಾಡಿದ ಎಚ್‌ಪಿಟಿ-32 ದೀಪಕ್ ತರಬೇತಿ ವಿಮಾನದಲ್ಲಿ ಇದ್ದದ್ದು ಲೈಕಮಿಂಗ್ ಎಂಜಿನ್ನೇ.

ಈಗ ಕಾರಿಗೆ ಬರೋಣ. ಹೆಡ್‌ಲೈಟು, ಜಾಲರಿ, ಫುಟ್‌ಬೋರ್ಡು ಮೂರೂ ಇಲ್ಲ ಅಂದಿರಲ್ಲ, ಮೂರಕ್ಕೂ ಕಾರಣ ಇದೆ. ಸುಮ್ನೆ ಚೆಂದಕ್ಕೆ ತೆಗೆದದ್ದಲ್ಲ.

ನೀವು ಹಳೇ ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ ಮಧ್ಯೆ ಕೂತಿದ್ದೀರಾ? ಕಾಲಿನ ಕೆಳಗೆ ಒಂದು ದಿಬ್ಬ ಇರುತ್ತದೆ. ಮಂಡಿ ಎತ್ತಿಕೊಂಡೇ ಹಾಸನದಿಂದ ಬೆಂಗಳೂರಿನವರೆಗೆ ಬರಬೇಕು. ಆ ದಿಬ್ಬದ ಕೆಳಗೆ ಇರುವುದು ಪ್ರೊಪೆಲ್ಲರ್ ಶಾಫ್ಟ್. ಎಂಜಿನ್ ಮುಂದೆ, ಓಡಿಸುವ ಚಕ್ರ ಹಿಂದೆ, ಶಕ್ತಿ ಸಾಗಿಸೋಕೆ ಮಧ್ಯೆ ಒಂದು ಉದ್ದದ ಕೊಳವೆ. 1930ರ ದಶಕದ ಕಾರುಗಳಲ್ಲಿ ಇಡೀ ದೇಹವನ್ನು ಈ ಕೊಳವೆಯ ಮೇಲೆ, ದಪ್ಪ ಉಕ್ಕಿನ ಚಾಸಿಯ ಮೇಲೆ ಕೂರಿಸುತ್ತಿದ್ದರು. ನೆಲ ಎತ್ತರವಾಯಿತು. ಹತ್ತೋಕೆ ಫುಟ್‌ಬೋರ್ಡ್ ಬೇಕಾಯಿತು.

ಕಾರ್ಡ್‌ನಲ್ಲಿ ಓಡಿಸುವುದು ಮುಂದಿನ ಚಕ್ರ. ನಮ್ಮಲ್ಲಿ 1983ರ ಕೊನೆಗೆ ಮಾರುತಿ 800 ಬಂದಾಗ ಮುಂದಿನ ಚಕ್ರ ಎಳೆಯುವ ಕಾರು ಮನೆಮನೆಗೆ ಪರಿಚಯವಾಯಿತು. ಇಲ್ಲಿ ಅದೇ ಕೆಲಸ ಸುಮಾರು ಐವತ್ತು ವರ್ಷ ಮೊದಲು ನಡೆದಿತ್ತು. ಹಿಂದಕ್ಕೆ ಹೋಗುವ ಶಾಫ್ಟ್ ಇಲ್ಲ. ದೇಹ ಮತ್ತು ನೆಲ ಬೆಸುಗೆಯಿಂದ ಒಂದೇ ಆಗಿವೆ, ಮುಂಭಾಗಕ್ಕೆ ಮಾತ್ರ ಒಂದು ಮೋಟು ಚಾಸಿ ಕೂಡಿಸಿದ್ದಾರೆ. ಹಾಗಾಗಿ ನೆಲ ಕೆಳಗಿಳಿಯಿತು. ಕಾರಿನ ಎತ್ತರ ಐದು ಅಡಿಯೂ ಇಲ್ಲ. ಬಾಗಿಲು ತೆರೆದರೆ ಹತ್ತಬೇಕಿಲ್ಲ, ಒಂದು ಹೆಜ್ಜೆ ಇಟ್ಟರೆ ಒಳಗೆ. ಫುಟ್‌ಬೋರ್ಡ್ ತಾನಾಗಿಯೇ ಹೋಯಿತು.

ಇದಕ್ಕಿಂತ ಮೊದಲು ಕಾರ್ಡ್ ಎಲ್-29 ಅನ್ನೋ ಕಾರು ಬಂದಿತ್ತು, 1929ರಲ್ಲಿ. ಅದೂ ಮುಂದಿನ ಚಕ್ರದ್ದೇ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಒಂದು ಇಟ್ಟುಕೊಂಡಿದ್ದರು. ನೋಡೋಕೆ ರಾಜನಂತಿದ್ದ ಕಾರು. ಆದರೆ ಅದರಲ್ಲಿ ಎಂಟು ಸಿಲಿಂಡರ್ ಒಂದರ ಹಿಂದೆ ಒಂದು ಸಾಲಾಗಿ ನಿಂತಿದ್ದವು. ಅಷ್ಟು ಉದ್ದದ ಎಂಜಿನ್ನಿನ ಭಾರ ಮುಂದಿನ ಚಕ್ರಗಳಿಂದ ಹಿಂದಕ್ಕೆ ಸರಿದಿತ್ತು. ಗುಡ್ಡ ಹತ್ತುವಾಗ ಭಾರ ಇನ್ನೂ ಹಿಂದಕ್ಕೆ ಜಾರುತ್ತದೆ. ಎಳೆಯಬೇಕಾದ ಚಕ್ರಗಳೇ ಹಗುರಾಗಿ ಜಾರುತ್ತಿದ್ದವು. ಖಾಲಿ ಗಾಡಿಯಲ್ಲಿ ಮೂಕಿ ಮೇಲೆದ್ದು ಎತ್ತಿನ ಹೆಗಲಿಗೆ ಹಿಡಿತವೇ ಸಿಗದ ಹಾಗೆ.

810ರಲ್ಲಿ ಈ ತಪ್ಪನ್ನು ತಿದ್ದಿದರು. ಲೈಕಮಿಂಗ್ ಹೊಸ ವಿ-8 ಎಂಜಿನ್ ಮಾಡಿಕೊಟ್ಟಿತು. 289 ಕ್ಯೂಬಿಕ್ ಇಂಚು, ಅಂದರೆ 4.7 ಲೀಟರ್, 125 ಕುದುರೆ ಶಕ್ತಿ. ವಿ ಆಕಾರದಲ್ಲಿದ್ದರೆ ಎಂಜಿನ್ ಮೋಟಾಗುತ್ತದೆ. ಅದರ ಮುಂದೆ ಕ್ಲಚ್, ಅದರ ಮುಂದೆ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್, ಎಲ್ಲಕ್ಕಿಂತ ಮುಂದೆ ಗಿಯರ್‌ಬಾಕ್ಸ್. ಹೌದು, ಗಿಯರ್‌ಬಾಕ್ಸ್ ಕಾರಿನ ಮೂತಿಯಲ್ಲೇ ಇದೆ, ಮುಂದಿನ ಆಕ್ಸಲ್‌ಗಿಂತಲೂ ಮುಂದೆ. ಮತ್ತೆ ಹೋದಾಗ ಮಗನಿಗೆ ಹೇಳಿ, ಎರಡು ಮಡ್‌ಗಾರ್ಡ್‌ಗಳ ನಡುವೆ ಕೆಳಗೆ ಬಗ್ಗಿ ನೋಡು ಅಂತ. ಗುಂಡನೆಯ ಒಂದು ಲೋಹದ ಮುಚ್ಚಳ ಕಾಣುತ್ತದೆ. ಅದರ ಹಿಂದೆ ಇರುವುದೇ ಗಿಯರ್‌ಬಾಕ್ಸ್.

ಈಗ ಒಂದು ತೊಂದರೆ ಬಂತು ನೋಡಿ. ಗಿಯರ್‌ಬಾಕ್ಸ್ ಅಷ್ಟು ಮುಂದೆ ಹೋದರೆ ಡ್ರೈವರ್ ಗಿಯರ್ ಹಾಕೋದು ಹೇಗೆ? ಕೋಲು, ಸರಳು ಎಲ್ಲ ಎಂಜಿನ್ ದಾಟಿಕೊಂಡು ಹೋಗಬೇಕು. ಅವರು ಸರಳನ್ನೇ ಬಿಟ್ಟು ವೈರ್ ಎಳೆದರು. ಸ್ಟೀರಿಂಗ್ ಪಕ್ಕದಲ್ಲಿ ಹೆಬ್ಬೆರಳು ಗಾತ್ರದ ಒಂದು ಪುಟ್ಟ ಲಿವರ್. ಅದು ಕೂರುವ ಗಿಯರ್ ಜಾಗ ಬೆಂಕಿಪೊಟ್ಟಣದಷ್ಟು. ನಾಲ್ಕು ಗಿಯರ್, ಜೊತೆಗೆ ರಿವರ್ಸ್. ಲಿವರನ್ನು ಎರಡು ಬೆರಳಲ್ಲಿ ಬೇಕಾದ ಕಡೆ ಸರಿಸಿದರೆ ಏನೂ ಆಗುವುದಿಲ್ಲ. ಅದು ಬರೀ ಆರ್ಡರ್ ಕೊಟ್ಟ ಹಾಗೆ. ಆಮೇಲೆ ಕ್ಲಚ್ ತುಳಿದಾಗ ಆ ಆರ್ಡರ್ ಜಾರಿಗೆ ಬರುತ್ತದೆ. ಸೊಲೆನಾಯ್ಡ್, ಅಂದರೆ ಕರೆಂಟು ಹರಿದಾಗ ಎಳೆಯುವ ತಂತಿ ಸುರುಳಿ, ವಾಲ್ವ್ ತೆರೆಯುತ್ತದೆ. ಎಂಜಿನ್ ಗಾಳಿ ಹೀರುವ ಸೆಳೆತ, ಅಂದರೆ ವ್ಯಾಕ್ಯೂಮ್, ಗಿಯರನ್ನು ಎಳೆದು ಕೂರಿಸುತ್ತದೆ. ಹೋಟೆಲಿನಲ್ಲಿ ಮೊದಲೇ ಹೇಳಿಟ್ಟು, ಕೈ ತೊಳೆದು ಬರುವಷ್ಟರಲ್ಲಿ ದೋಸೆ ಬಂದ ಹಾಗೆ. ಇದಕ್ಕೆ ಪ್ರಿಸೆಲೆಕ್ಟರ್ ಅಂತಾರೆ.

ಒಂದು ಸಲ ಇದನ್ನು ನನ್ನ ಕೈಯಾರೆ ಮಾಡಿ ನೋಡಿದ್ದೇನೆ. ಇಂಡಿಯಾನಾದ ಒಬ್ಬ ಹಳೇ ಮೆಕ್ಯಾನಿಕ್ ಶೆಡ್ಡಿನಲ್ಲಿ, ನಿಂತ ಕಾರಿನಲ್ಲಿ, ಎಂಜಿನ್ ಚಾಲೂ ಇಟ್ಟು. ಲಿವರ್ ಎರಡಕ್ಕೆ ಸರಿಸಿದೆ. ಟಿಕ್ ಅಂತ ಕೂಡ ಅನ್ನಲಿಲ್ಲ. ಕ್ಲಚ್ ತುಳಿದೆ. ಮುಂದೆ ಎಲ್ಲೋ, ನನ್ನ ಕಾಲಿನಿಂದ ಐದಾರು ಅಡಿ ದೂರದಲ್ಲಿ, ‘ಥಪ್’ ಅಂತ ಮೆತ್ತಗೆ ಒಂದು ಸದ್ದು. ಯಾರೋ ಪಕ್ಕದ ಕೋಣೆಯಲ್ಲಿ ಪುಸ್ತಕ ಮುಚ್ಚಿದ ಹಾಗೆ. ನಾನು ಮೂವತ್ತು ವರ್ಷ ಗಿಯರ್‌ಬಾಕ್ಸ್ ಬಿಚ್ಚಿ ಕಟ್ಟಿದವನು. ಆದರೂ ಬೆಚ್ಚಿಬಿದ್ದೆ. ಆ ಮೆಕ್ಯಾನಿಕ್ ನಕ್ಕರು. “ಅವಸರ ಮಾಡಬೇಡ, ಅದಕ್ಕೂ ಯೋಚನೆ ಮಾಡೋಕೆ ಒಂದು ಕ್ಷಣ ಬೇಕು” ಅಂದರು.

ಇನ್ನು ಜಾಲರಿ. ಈ ಕಾರಿನ ರೂಪ ಕೊಟ್ಟವರು ಗಾರ್ಡನ್ ಬ್ಯೂರಿಗ್. 1933ರಲ್ಲಿ ಅವರು ಜನರಲ್ ಮೋಟಾರ್ಸ್‌ನಲ್ಲಿದ್ದಾಗ ಅಲ್ಲಿನ ಡಿಸೈನರ್‌ಗಳ ನಡುವೆ ಒಂದು ಸ್ಪರ್ಧೆ ನಡೆಯಿತು. ಬ್ಯೂರಿಗ್ ಕೊಟ್ಟ ಯೋಚನೆ ಹೀಗಿತ್ತು: ಎಂಜಿನ್ನಿಗೆ ಧೂಳು ಹೋಗದಂತೆ ಪೂರ್ತಿ ಮುಚ್ಚಿಬಿಡೋಣ, ರೇಡಿಯೇಟರನ್ನು ಹೊರಗೆ ಬಾನೆಟ್ಟಿಗೂ ಮಡ್‌ಗಾರ್ಡಿಗೂ ನಡುವೆ ಇಡೋಣ. ತೀರ್ಪುಗಾರರು ಅದನ್ನು ಕೊನೆಯ ಸ್ಥಾನಕ್ಕೆ ತಳ್ಳಿದರು. ಬ್ಯೂರಿಗ್ ಅಲ್ಲಿಂದ ಹೊರಟು ಡ್ಯೂಸನ್‌ಬರ್ಗ್‌ಗೆ ವಾಪಸ್ ಬಂದರು. ಇಲ್ಲಿ ಕಡಿಮೆ ಬೆಲೆಯ ಒಂದು ‘ಮರಿ ಡ್ಯೂಸನ್‌ಬರ್ಗ್’ ಮಾಡುವ ಯೋಜನೆ ಇತ್ತು. ಸೋತ ಚಿತ್ರ ಮತ್ತೆ ಹೊರಗೆ ಬಂತು. ಕೊನೆಗೆ ರೇಡಿಯೇಟರ್ ಮಾಮೂಲಿ ಜಾಗಕ್ಕೇ ಹೋಯಿತು, ಆದರೆ ಜಾಲರಿಯಿಲ್ಲದ ಮುಖ ಉಳಿಯಿತು. ಗಾಳಿ ಹೋಗೋಕೆ ಬಾನೆಟ್ಟಿನ ಸುತ್ತ ಅಡ್ಡ ಪಟ್ಟಿಗಳು, ಈ ಕೆನ್ನೆಯಿಂದ ಆ ಕೆನ್ನೆಯವರೆಗೆ. ಜನ ಅದಕ್ಕೆ ‘ಕಾಫಿನ್ ನೋಸ್’ ಅಂದರು. ಶವಪೆಟ್ಟಿಗೆ ಮೂತಿ! ಎಂಥಾ ಹೆಸರು. ಆದರೆ ಅಭಿಮಾನಿಗಳು ಇವತ್ತಿಗೂ ಪ್ರೀತಿಯಿಂದಲೇ ಹಾಗೆ ಕರೆಯುತ್ತಾರೆ.

ಹೆಡ್‌ಲೈಟ್ ಮಡ್‌ಗಾರ್ಡಿನ ಒಳಗೆ ಮಲಗಿದೆ. ಸ್ಟಿನ್ಸನ್ ವಿಮಾನದ ಲ್ಯಾಂಡಿಂಗ್ ಲೈಟನ್ನೇ ಸ್ವಲ್ಪ ತಿದ್ದಿ ಇಲ್ಲಿ ಕೂರಿಸಿದರು. ವಿಮಾನ ಕಂಪನಿ ಮನೆಯದೇ ಇತ್ತಲ್ಲ. ಅದನ್ನು ಎಬ್ಬಿಸೋಕೆ ಮೋಟಾರ್ ಇಲ್ಲ. ಡ್ಯಾಶ್‌ಬೋರ್ಡಿನ ಎರಡು ತುದಿಯಲ್ಲಿ ಎರಡು ಹಿಡಿಕೆ. ಕಾಫಿ ಬೀಜ ಪುಡಿ ಮಾಡುವ ಹಳೇ ಮೆಷಿನ್ನಿನ ಹಾಗೆ ತಿರುಗಿಸಬೇಕು. ಎಡದ ಹಿಡಿಕೆಗೆ ಎಡದ ಕಣ್ಣು, ಬಲದ ಹಿಡಿಕೆಗೆ ಬಲದ ಕಣ್ಣು. ಡ್ರೈವರ್ ಎಡಕ್ಕೆ ಕೂತಿರುತ್ತಾನೆ. ಬಲದ್ದು ಅವನ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಪಕ್ಕದಲ್ಲಿ ಹೆಂಡತಿ ಇದ್ದರೆ ಸರಿ, ಒಬ್ಬನೇ ಇದ್ದರೆ ಕತ್ತಲಾಗುವ ಮೊದಲೇ ಕಾರು ನಿಲ್ಲಿಸಿ ಸೀಟಿನ ಮೇಲೆ ಅಡ್ಡ ಬಗ್ಗಬೇಕು. ನನ್ನನ್ನು ಕೇಳಿದರೆ ಇದು ಜಾಣತನವೂ ಹೌದು, ಸ್ವಲ್ಪ ಮಂಗತನವೂ ಹೌದು. ಅಮೆರಿಕದ ಕಾರುಗಳಲ್ಲಿ ಬಚ್ಚಿಡುವ ಹೆಡ್‌ಲೈಟ್ ಶುರುವಾದದ್ದು ಮಾತ್ರ ಇಲ್ಲಿಂದ.

ಇನ್ನುಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಪೆಟ್ರೋಲ್ ಮುಚ್ಚಳ ಒಂದು ಪುಟ್ಟ ಬಾಗಿಲ ಹಿಂದೆ ಅಡಗಿದೆ. ಬಾಗಿಲಿನ ಕೀಲು ಹೊರಗೆ ಕಾಣುವುದಿಲ್ಲ. ಚಕ್ರದ ಮುಚ್ಚಳದಲ್ಲಿ ಸಾಲಾಗಿ ತೂತುಗಳಿವೆ, ಬ್ರೇಕಿಗೆ ಗಾಳಿ ಸಿಗಲಿ ಅಂತ. ಒಳಗಿನ ಡ್ಯಾಶ್‌ಬೋರ್ಡ್ ವಿಮಾನದ ಹಾಗೆ, ಹೊಳೆಯುವ ಲೋಹದ ಹಲಗೆಯ ಮೇಲೆ ದುಂಡನೆಯ ಮೀಟರುಗಳು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಯಾಕೆ ಸೋತಿತು?

‘ತನ್ನ ಕಾಲಕ್ಕಿಂತ ಮುಂದಿತ್ತು, ಜನಕ್ಕೆ ಅರ್ಥವಾಗಲಿಲ್ಲ’ ಅಂತ ಎಲ್ಲ ಕಡೆ ಬರೆದಿರುತ್ತಾರೆ. ನಾನು ಒಪ್ಪುವುದಿಲ್ಲ. ಫ್ರಾನ್ಸಿನಲ್ಲಿ ಸಿಟ್ರೊಯೆನ್ ಕಂಪನಿ 1934ರಲ್ಲೇ ಟ್ರಾಕ್ಷನ್ ಅವಾಂಟ್ ಅನ್ನೋ ಕಾರು ತಂದಿತ್ತು. ಅದೂ ಮುಂದಿನ ಚಕ್ರದ್ದು, ಅದಕ್ಕೂ ಬೇರೆ ಚಾಸಿ ಇರಲಿಲ್ಲ, ಅದೂ ತಗ್ಗು. ಅದು 1957ರವರೆಗೆ ನಡೆಯಿತು, ಏಳು ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ಜನಕ್ಕೆ ಚೆನ್ನಾಗಿಯೇ ಅರ್ಥವಾಯಿತು. ಅದಕ್ಕೂ ಮೊದಮೊದಲು ರೋಗಗಳಿದ್ದವು, ಕಂಪನಿ ದಿವಾಳಿಯೂ ಆಯಿತು. ಆದರೆ ಟೈರ್ ಕಂಪನಿ ಮಿಷೆಲಿನ್ ಕೈ ಹಿಡಿಯಿತು. ತಿದ್ದೋಕೆ ಸಮಯ ಸಿಕ್ಕಿತು. ಕಾರ್ಡ್‌ಗೆ ಸಿಗದೇ ಹೋದದ್ದು ಅದೇ.

ನ್ಯೂಯಾರ್ಕಿನ ಆಟೊ ಷೋ ಮಾಮೂಲಿನಂತೆ ಜನವರಿಯಲ್ಲಿ ನಡೆಯುತ್ತಿತ್ತು. 1936ರ ಷೋವನ್ನು ಮಾತ್ರ ಮೊದಲೇ, 1935ರ ನವೆಂಬರಿನಲ್ಲೇ ಇಟ್ಟುಬಿಟ್ಟರು. ಅಲ್ಲಿ ಕಾರು ಇಡಬೇಕಾದರೆ ನೂರು ಕಾರು ತಯಾರಾಗಿರಬೇಕು ಅನ್ನೋದು ತಯಾರಕರ ಸಂಘದ ನಿಯಮ. ಕೈಯಲ್ಲಿದ್ದದ್ದು ನಾಲ್ಕೇ ತಿಂಗಳು. ಇಂಡಿಯಾನಾದ ಕಾನರ್ಸ್‌ವಿಲ್ ಊರಿನ ಕಂಪನಿ ಕಾರ್ಖಾನೆಯಲ್ಲಿ ಹಗಲು ರಾತ್ರಿ ಕೂತು, ಹೆಚ್ಚುಕಡಿಮೆ ಕೈಯಲ್ಲೇ ಬಡಿದು ಬೆಸೆದು ನೂರು ಕಾರು ನಿಲ್ಲಿಸಿದರು. ಇಡೀ ಛಾವಣಿಯನ್ನು ಒಂದೇ ಏಟಿಗೆ ಒತ್ತುವಂಥ ದೊಡ್ಡ ಪ್ರೆಸ್ಸಿಗೆ ದುಡ್ಡಿರಲಿಲ್ಲ. ಹಲವು ತುಂಡು ಜೋಡಿಸಿ ಬೆಸೆದರು. ಗಿಯರ್‌ಬಾಕ್ಸ್ ಅಂತೂ ಸಿದ್ಧವೇ ಆಗಿರಲಿಲ್ಲ. ಪ್ರದರ್ಶನಕ್ಕೆ ಹೋದ ಕಾರುಗಳು ಗಿಯರ್‌ಬಾಕ್ಸ್ ಇಲ್ಲದೆಯೇ ಹೋದವು. ತೇರಿಗೆ ಚಕ್ರ ಕೂರಿಸುವ ಮೊದಲೇ ಜಾತ್ರೆ ಶುರುವಾದ ಹಾಗೆ.

ಜಾತ್ರೆಯೋ ಭರ್ಜರಿ. ಜನ ಎಷ್ಟು ಮುತ್ತಿಕೊಂಡರು ಅಂದರೆ, ಹಿಂದೆ ನಿಂತವರು ಪಕ್ಕದ ಕಾರುಗಳ ಬಂಪರ್ ಹತ್ತಿ ಇಣುಕಿದರು. ಪಕ್ಕದ ಕಂಪನಿಯವರಿಗೆ ಹೇಗನಿಸಿರಬೇಕು! ಆರ್ಡರ್ ಮೇಲೆ ಆರ್ಡರ್. ಕ್ರಿಸ್‌ಮಸ್ ಹೊತ್ತಿಗೆ ಕೊಡ್ತೀವಿ ಅಂದರು. ಕ್ರಿಸ್‌ಮಸ್ ಬಂತು, ಕಾರು ಬರಲಿಲ್ಲ. ಬದಲಿಗೆ ದುಡ್ಡು ಕಟ್ಟಿದವರ ಮನೆಗೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಕಂಚಿನ ಕಾರ್ಡ್ ಬಂತು, ಅಮೃತಶಿಲೆಯ ಪೀಠದ ಮೇಲೆ. ಚೆಂದದ ಉಡುಗೊರೆ, ಆದರೆ ಆಫೀಸಿಗೆ ಹೋಗೋಕೆ ಬರುವುದಿಲ್ಲ ಅಲ್ವಾ? ನಿಜವಾದ ಕಾರುಗಳು ಹೊರಬರೋಕೆ 1936ರ ಫೆಬ್ರವರಿ ಆಯಿತು. ಅಷ್ಟರಲ್ಲಿ ಕಾದು ಸುಸ್ತಾದವರು ಬೇರೆ ಕಾರು ಕೊಂಡಿದ್ದರು. ಇದರ ಬೆಲೆ ಶುರುವಾಗುತ್ತಿದ್ದದ್ದೇ 1,995 ಡಾಲರಿಗೆ. ಅದಕ್ಕಿಂತ ಕಡಿಮೆಗೆ ಅದೇ ವರ್ಷ ಹೊಸ ಕ್ಯಾಡಿಲಾಕ್ ಸಿಗುತ್ತಿತ್ತು.

ಸಿಕ್ಕವರ ಪಾಡೂ ಸುಖವಿರಲಿಲ್ಲ. ಓಡುತ್ತಿರುವಾಗಲೇ ಗಿಯರ್ ಜಾರಿ ನ್ಯೂಟ್ರಲ್‌ಗೆ ಬೀಳುತ್ತಿತ್ತು. ಸೊಲೆನಾಯ್ಡ್, ವ್ಯಾಕ್ಯೂಮ್ ಪೈಪ್, ವೈರಿನ ತುದಿ, ಯಾವುದು ಕೈ ಕೊಟ್ಟರೂ ನೀವು ಕೇಳಿದ ಗಿಯರ್ ಬರುವುದಿಲ್ಲ. ಎಂಜಿನ್ ಬಿಸಿಯಾಗುತ್ತಿತ್ತು. ಸೆಕೆಯ ದಿನ ಪೆಟ್ರೋಲ್ ಪೈಪಿನೊಳಗೇ ಕುದಿದು ಆವಿಯಾಗುತ್ತಿತ್ತು. ಆವಿಯನ್ನು ಪಂಪ್ ಎಳೆಯಲಾರದು. ಕಾರು ಕೆಮ್ಮಿ ನಿಲ್ಲುತ್ತದೆ. ತಣ್ಣಗಾಗುವವರೆಗೆ ಮರದ ನೆರಳಲ್ಲಿ ಕಾಯಬೇಕು. ಇದಕ್ಕೆ ವೇಪರ್ ಲಾಕ್ ಅಂತಾರೆ. ಹಳೇ ಕಾರುಗಳಲ್ಲಿ ಘಾಟಿ ಹತ್ತಿದವರಿಗೆ ಈ ಅನುಭವ ಇರುತ್ತದೆ, ಬಾನೆಟ್ ಎತ್ತಿ ಒದ್ದೆ ಬಟ್ಟೆ ಹಾಕಿ ಕೂರೋದು. ಅಷ್ಟು ದುಡ್ಡು ಕೊಟ್ಟವನು ಯಾಕೆ ಒದ್ದೆ ಬಟ್ಟೆ ಹಿಡಿದು ನಿಲ್ಲಬೇಕು?

ಈ ರೋಗಗಳಲ್ಲಿ ಒಂದೂ ಮೂಲದ ರೋಗ ಅಲ್ಲ, ಇದನ್ನು ಗಮನಿಸಿ. ಮುಂದಿನ ಚಕ್ರ ಓಡಿಸುವ ಯೋಚನೆ ತಪ್ಪಾಗಿರಲಿಲ್ಲ. ದೇಹದ ಗಟ್ಟಿತನದಲ್ಲಿ ತಪ್ಪಿರಲಿಲ್ಲ. ಎಲ್ಲವೂ ಇನ್ನೊಂದು ವರ್ಷ ರಸ್ತೆಯಲ್ಲಿ ಓಡಿಸಿ ನೋಡಿದ್ದರೆ ಸಿಕ್ಕಿಬೀಳುತ್ತಿದ್ದ ತಪ್ಪುಗಳು. ಪರೀಕ್ಷೆ ಮಾಡುವ ಕೆಲಸವನ್ನು ಗಿರಾಕಿಗಳ ತಲೆಗೆ ಕಟ್ಟಿದರು. ಗಿರಾಕಿ ಒಂದು ಸಲ ಬೈದುಕೊಂಡರೆ ಹತ್ತು ಜನಕ್ಕೆ ಹೇಳುತ್ತಾನೆ.

1937ಕ್ಕೆ 812 ಅಂತ ಹೆಸರು ಬದಲಾಯಿತು. ಮಾರಾಟವಾಗದೆ ಉಳಿದ 810ಗಳಿಗೇ ಹೊಸ ನಂಬರ್ ಬಡಿದು 812 ಅಂತ ಮಾರಿದ್ದೂ ಉಂಟು. ಬಣ್ಣ ಹೊಡೆಸಿ ಮಾರಿದ ಹಳೇ ಚಾಳಿ ನೆನಪಾಯಿತಾ? ಆ ವರ್ಷದ ನಿಜವಾದ ಹೊಸತು ಸೂಪರ್‌ಚಾರ್ಜರ್. ಎಂಜಿನ್ನಿನ ಆರು ಪಟ್ಟು ವೇಗದಲ್ಲಿ ತಿರುಗಿ ಗಾಳಿ ತುಂಬುವ ಫ್ಯಾನ್ ಅದು. ಶಕ್ತಿ 170 ಕುದುರೆಗೆ ಏರಿತು. ಬಾನೆಟ್ಟಿನ ಎರಡೂ ಪಕ್ಕದಿಂದ ಹೊಳೆಯುವ ದಪ್ಪ ಎಕ್ಸಾಸ್ಟ್ ಪೈಪುಗಳು ಹೊರಬಂದು ಮಡ್‌ಗಾರ್ಡ್ ಒಳಗೆ ಇಳಿಯುತ್ತವೆ. ಅದೇ ವರ್ಷ ಆಬ್ ಜೆಂಕಿನ್ಸ್ ಅನ್ನುವವರು ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಲ್ಲಿ ಇಂಥದ್ದೊಂದನ್ನು 24 ಗಂಟೆ ಓಡಿಸಿದರು. ಸರಾಸರಿ ವೇಗ ಗಂಟೆಗೆ ನೂರು ಮೈಲಿ ದಾಟಿತ್ತು. ಗಟ್ಟಿಯಿಲ್ಲದ ಕಾರು ಅನ್ನುವವರಿಗೆ ನಾನು ಇದನ್ನೇ ಹೇಳೋದು.

ಆದರೆ ಹೊತ್ತು ಮೀರಿತ್ತು. ಕಾರ್ಡ್ ಸಾಹೇಬರಿಗೆ ಕಾರಿಗಿಂತ ಷೇರು ಮತ್ತು ವಿಮಾನದ ಮೇಲೆ ಮನಸ್ಸು ಜಾಸ್ತಿ. ಮಕ್ಕಳನ್ನು ಅಪಹರಿಸುವ ಬೆದರಿಕೆ ಬಂತು ಅಂತ 1934ರಲ್ಲಿ ಇಂಗ್ಲೆಂಡಿಗೆ ಹೋಗಿದ್ದರು. ವಾಪಸ್ ಬಂದ ಮೇಲೆ ಷೇರು ವ್ಯವಹಾರದ ಬಗ್ಗೆ ಸರ್ಕಾರದ ತನಿಖೆ. 1937ರ ಆಗಸ್ಟಿನಲ್ಲಿ ತಮ್ಮ ಪಾಲು ಮಾರಿ ಹೊರನಡೆದರು. ಕಾರಿನ ತಯಾರಿಕೆ ಅಲ್ಲಿಗೇ ನಿಂತಿತು. ಎರಡು ವರ್ಷ ಸೇರಿ ಮೂರು ಸಾವಿರದ ಹತ್ತಿರ ಕಾರು ಹೊರಬಂದಿದ್ದವು. ದೇಹ ಒತ್ತುವ ಅಚ್ಚುಗಳು ಮಾತ್ರ ಮಾರಾಟವಾಗಿ ಹಪ್ ಮತ್ತು ಗ್ರಹಮ್ ಅನ್ನೋ ಕಾರು ಕಂಪನಿಗಳಿಗೆ ಹೋದವು. ಅವರು ಅದೇ ದೇಹಕ್ಕೆ ಹಿಂದಿನ ಚಕ್ರದ ಯಂತ್ರ ಜೋಡಿಸಿ, ಮಾಮೂಲಿ ಹೆಡ್‌ಲೈಟ್ ಅಂಟಿಸಿ ಮಾರಲು ನೋಡಿದರು. ಓಡಲಿಲ್ಲ. ದೇಹ ಅದೇ, ಆದರೆ ಆ ದೇಹ ಯಾಕೆ ಹಾಗಿದೆ ಅನ್ನೋ ಕಾರಣವೇ ಹೋಗಿತ್ತು.

ಹಾಗಾದರೆ ಜನಕ್ಕೆ ಯಾಕೆ ಈ ಹುಚ್ಚು? ಚೆಂದ ಅನ್ನೋದು ಅರ್ಧ ಉತ್ತರ. 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಎಂಟೇ ಎಂಟು ಕಾರು ಆರಿಸಿ ಕಲಾಕೃತಿಗಳ ಹಾಗೆ ನಿಲ್ಲಿಸಿತು. ಅದರಲ್ಲಿ ಕಾರ್ಡ್ 812 ಒಂದು. ನಮ್ಮೂರಿನ ಕಾಫಿ ಎಸ್ಟೇಟಿನವರಿಗೆಲ್ಲ ಗೊತ್ತಿರುವ ವಿಲ್ಲೀಸ್ ಜೀಪ್ ಇನ್ನೊಂದು! ಎರಡನ್ನೂ ಒಟ್ಟಿಗೆ ನಿಲ್ಲಿಸಿದವರ ತಲೆಗೆ ಕೈಮುಗಿಯಬೇಕು. 1966ರಲ್ಲಿ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಬಂತು. ಕಾರ್ಡ್ ನಂತರ ಅಮೆರಿಕದವರು ಮಾಡಿದ ಮೊದಲ ಮುಂದಿನ ಚಕ್ರದ ಕಾರು ಅದು. ಅದೂ ಹೆಡ್‌ಲೈಟ್ ಬಚ್ಚಿಟ್ಟುಕೊಂಡೇ ಬಂತು.

ಉಳಿದ ಅರ್ಧ ಉತ್ತರ ಮಾಲೀಕರಲ್ಲಿದೆ. ಕಂಪನಿ ಅರ್ಧಕ್ಕೆ ಬಿಟ್ಟ ಕೆಲಸವನ್ನು ಅವರು ಮುಗಿಸಿದರು. ಆಬರ್ನ್, ಕಾರ್ಡ್, ಡ್ಯೂಸನ್‌ಬರ್ಗ್ ಮೂರರ ಅಭಿಮಾನಿಗಳ ಕ್ಲಬ್ ದಶಕಗಳಿಂದ ಇದೆ. ಗಿಯರ್ ಯಾಕೆ ಜಾರುತ್ತದೆ ಅಂತ ಯಾರೋ ಒಬ್ಬ ಹುಡುಕಿದ. ಪೆಟ್ರೋಲ್ ಪೈಪನ್ನು ಬಿಸಿಯಿಂದ ದೂರ ಸರಿಸಿದ ಇನ್ನೊಬ್ಬ. ಟ್ಯಾಂಕಿನ ಹತ್ತಿರ ಎಲೆಕ್ಟ್ರಿಕ್ ಪಂಪ್ ಕೂರಿಸಿದ ಮತ್ತೊಬ್ಬ. ಒಬ್ಬ ಕಂಡುಕೊಂಡದ್ದು ಎಲ್ಲರ ಕಾರಿಗೂ ಹೋಯಿತು. ನಾನು ಕೂತಿದ್ದ ಕಾರಿನ ಮೆಕ್ಯಾನಿಕ್ ಹೇಳಿದ ಪ್ರಕಾರ, ಇವತ್ತು ಚೆನ್ನಾಗಿ ಕಟ್ಟಿದ ಕಾರ್ಡ್ 1936ರಲ್ಲಿ ಷೋರೂಮಿನಿಂದ ಬಂದ ಕಾರಿಗಿಂತ ಚೆನ್ನಾಗಿ ಓಡುತ್ತದೆ. ನಾನು ನಂಬುತ್ತೇನೆ. ಬಿಚ್ಚಿಟ್ಟ ಗಿಯರ್‌ಬಾಕ್ಸನ್ನು ಅವರ ಮೇಜಿನ ಮೇಲೆ ನೋಡಿದ್ದೇನೆ. ಎಂಬತ್ತು ವರ್ಷದ ಹಿಂದಿನ ಹಲ್ಲುಗಳು, ಪಕ್ಕದಲ್ಲಿ ಹೊಸದಾಗಿ ಕಡೆದ ಶಾಫ್ಟ್, ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ತಾರೀಖು. ಅಭಿಮಾನ ಅಂದರೆ ಬರೀ ಒರೆಸಿ ಹೊಳಪು ಕೊಡೋದಲ್ಲ ಅಂತ ಅವತ್ತು ಅನಿಸಿತು.

ಕೊನೆಗೆ, ಕೊಳ್ಳಬಹುದಾ? ಕೊಳ್ಳಬಹುದು, ಆದರೆ ಮೂರು ಮಾತು ಕೇಳಿ. ಮುಚ್ಚಿದ ಛಾವಣಿಯ ವೆಸ್ಟ್‌ಚೆಸ್ಟರ್ ಅಥವಾ ಬೆವರ್ಲಿ ಸೆಡಾನ್ ನೋಡಿ. ಛಾವಣಿ ಮಡಚುವ ಫೈಟನ್ ಮತ್ತು ಎರಡು ಬಾಗಿಲಿನ ಓಪನ್ ಕಾರಿನ ಬೆಲೆ ಸೆಡಾನಿನ ಎಷ್ಟೋ ಪಟ್ಟು. ಸೂಪರ್‌ಚಾರ್ಜರ್ ಇರುವ ಫೈಟನ್ ಲಕ್ಷ ಡಾಲರ್ ದಾಟುವುದು ಮಾಮೂಲು. ಯಂತ್ರ ಹೆಚ್ಚುಕಡಿಮೆ ಅದೇ. ಓಡಿಸುವ ಖುಷಿಗೆ ಸೆಡಾನ್ ಸಾಕು.

ಹೊಳೆಯುವ ಪೈಪ್ ನೋಡಿ ಮರುಳಾಗಬೇಡಿ. ಸಾದಾ ಕಾರಿಗೆ ಆಮೇಲೆ ಪೈಪ್ ಜೋಡಿಸಿದವರು ಬಹಳ ಜನ ಇದ್ದಾರೆ, ಕೆಲವರು ಸೂಪರ್‌ಚಾರ್ಜರನ್ನೂ ಜೋಡಿಸಿದ್ದಾರೆ. ಎಂಜಿನ್ ನಂಬರ್ ‘ಎಫ್‌ಸಿ’ ಅಂತ ಶುರುವಾದರೆ ಕಾರ್ಖಾನೆಯಲ್ಲೇ ಸೂಪರ್‌ಚಾರ್ಜ್ ಆದ ಎಂಜಿನ್, ‘ಎಫ್‌ಬಿ’ ಇದ್ದರೆ ಸಾದಾ. ಕ್ಲಬ್ಬಿನವರು ಕಾರು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ಒಂದನೇ ವರ್ಗ ಅಂದರೆ ಮುಖ್ಯ ಭಾಗಗಳು ಅಸಲಿ ಅಂತ. ಅದಿಲ್ಲದೆ ಮುಂಗಡ ಕೊಡಬೇಡಿ. ಕೆಳಗೆ ಮಲಗಿ ನೆಲದ ಹಲಗೆಗೆ ತುಕ್ಕು ಹಿಡಿದಿದೆಯಾ ನೋಡಿ. ಬೇರೆ ಹಳೇ ಕಾರಿನಲ್ಲಿ ನೆಲ ತುಕ್ಕು ಹಿಡಿದರೆ ತಗಡು ಬದಲಾಯಿಸಿದರೆ ಮುಗಿಯಿತು. ಇದರಲ್ಲಿ ಆ ನೆಲವೇ ಬೆನ್ನೆಲುಬು.

ಮತ್ತೆ ದಯವಿಟ್ಟು ಅದನ್ನು ಊರಿಗೆ ತರುವ ಯೋಚನೆ ಮಾಡಬೇಡಿ. ಸುಂಕ, ಸಾಗಣೆ ಒಂದು ಕಡೆ ಇರಲಿ. ಗಿಯರ್ ಕೇಳಿದ್ದು ಬರಲಿಲ್ಲ ಅಂದರೆ ಹಾಸನದಲ್ಲಿ ಯಾರಿಗೆ ತೋರಿಸುತ್ತೀರಿ? ನೀವಿರುವ ಜಾಗದಿಂದ ಅರ್ಧ ಗಂಟೆ ದೂರದಲ್ಲಿ ಅದು ಹುಟ್ಟಿದ ಕಂಪನಿಯ 1930ರ ಷೋರೂಮ್ ಇದೆ. ನೀವು ನೋಡಿ ಬಂದ ಮ್ಯೂಸಿಯಂ ಕಟ್ಟಡವೇ ಅದು. ಅದನ್ನು ರಿಪೇರಿ ಮಾಡಬಲ್ಲ ಕೈಗಳು ಸುತ್ತಮುತ್ತಲೇ ಇವೆ.

ದುಡ್ಡು ಕೂಡಿಸುವವರೆಗೆ ಒಂದು ಕೆಲಸ ಮಾಡಿ. ಪ್ರತಿ ವರ್ಷ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ರಜೆಯ ಹೊತ್ತಿಗೆ ಆಬರ್ನ್‌ನಲ್ಲಿ ಈ ಕಾರುಗಳ ಹಬ್ಬ ನಡೆಯುತ್ತದೆ, ಕಾರುಗಳು ಬೀದಿಯಲ್ಲೇ ಓಡುತ್ತವೆ. ಮಗನನ್ನು ಕರೆದುಕೊಂಡು ಹೋಗಿ. ಮಾಲೀಕರು ಮಾತಿಗೆ ಸಿಗುವ ಜನ. ಎಂಜಿನ್ ಬಗ್ಗೆ ಒಂದು ಸರಿಯಾದ ಪ್ರಶ್ನೆ ಕೇಳಿದರೆ ಬಾನೆಟ್ ಎತ್ತಿಬಿಡುತ್ತಾರೆ. ಯಾರಾದರೂ ಒಳಗೆ ಕೂರಿಸಿಕೊಂಡರೆ ಬಲಗಡೆ ಸೀಟಿನಲ್ಲಿ ಅವನನ್ನು ಕೂರಿಸಿ, ಹಿಡಿಕೆ ತಿರುಗಿಸೋಕೆ ಅಪ್ಪಣೆ ಕೇಳಿ. ಆ ಕಡೆಯ ಹೆಡ್‌ಲೈಟ್ ಏಳಿಸೋಕೆ ಆ ಡ್ರೈವರಿಗೂ ಒಬ್ಬ ಬೇಕೇ ಬೇಕು.